ಗುಂಗುರು ಕೂದಲದ ಸಿಕ್ಕ ಬಿಡಸೂದು ಹೆಂಗ್ರೀ? ದಿನಾ ಮುಂಜಾನೆ ಅಳೂದು ನಿಂದ್ರವಲ್ದು

ನವನಗರದಾಕಿ (ರವಿವಾರ, ರಾತ್ರಿ 10:12)

ನಮಸ್ಕಾರ್ರೀ ಎಲ್ಲಾರಿಗೂ. ಮಗಳಿಗೆ ಈಗ ಒಂಬತ್ತು. ನನ್ನ ಕೂದಲ ನೆಟ್ಟಗ, ಹೆರಳ ಹಾಕಿದ್ರ ಸಂಜಿ ಅನ್ನೂದ್ರಾಗ ಜಾರಿ ರಿಬ್ಬನ್ನೇ ಬಿದ್ದಿರತದ. ಆಕಿಂದು ಅವರಪ್ಪನ ಮನಿತನದ್ದು. ಪೆನ್ಸಿಲ್ಲಿಗೆ ಸುತ್ತಿ ಬಿಟ್ಟಂಗ ಸಣ್ಣ ಸಣ್ಣ ಸುರುಳಿ, ಬೆರಳ ಇಟ್ರ ಅಲ್ಲೇ ಸಿಗಬೀಳತದ. ಸಾಲ್ಯಾಗ ಎರಡ ಹೆರಳ ಕಡ್ಡಾಯ. ಎಂಟೂಕಾಲಕ್ಕ ವ್ಯಾನ್. ಏಳೂವರಿಗೆ ಹಣಿಗಿ ಹಿಡಕೊಂಡ ಕುಂತ್ರ ಏಳೂ ಮೂವತ್ತೈದಕ್ಕ ಆಕಿ ಅಳಾಕ ಸುರು, ಎಂಟಕ್ಕ ನಾ.

ಅತ್ತಿಯವರು "ನೀ ಹೆದರಕೋತ ಹಿಕ್ಕತಿ, ಅದಕ್ಕ ಬಿಡವಲ್ದು" ಅಂತ ಸಣ್ಣ ಹಲ್ಲಿನ ಹಣಿಗಿ ತೊಗೊಂಡು ನೆತ್ತಿಯಿಂದ ಒಮ್ಮೆ ಜಗ್ಗತಾರ. ಚರ್ ಅಂತದ. ನಿನ್ನೆ ಕಸಾ ಹೊಡಿಯೂವಾಗ ನೋಡಿದೆ, ನೆಲದ ಮ್ಯಾಲ ಎರಡೆರಡ ಇಂಚಿನ ತುಣುಕ ಬಿದ್ದಾವು. ಉದ್ದನ್ನ ಕೂದಲ ಒಂದೂ ಇಲ್ಲ, ಎಲ್ಲಾ ತುಂಡ.

ಇನ್ನೊಂದು ಮಾತು. ಹಿಂದ ಕುತ್ತಿಗಿ ಹತ್ರ ಅಡಕಿಯಷ್ಟು ಒಂದು ಗಂಟ ಆಗೇದ. ಬಾಜೂ ಮನಿ ಅಜ್ಜಿ ನೋಡಿ "ಅದಕ್ಕ ಕತ್ತರಿ ಮುಟ್ಟಸಬ್ಯಾಡ ತಂಗಿ, ಎಲ್ಲವ್ವನ ಜಡಿ ಇದ್ದೀತು" ಅಂದ್ರು, ದೇವಿ ಕರದ ಗುರ್ತಂತ ಅದು. ನಕ್ಕ ಬಿಟ್ಟೆ. ಆದ್ರ ರಾತ್ರಿ ಲಗೂನ ನಿದ್ದಿ ಹತ್ತಲಿಲ್ಲ.

ಬಾಯ್‌ಕಟ್ ಮಾಡಿಸಲೋ, ನೆಟ್ಟಗ ಮಾಡಸೂದಕ್ಕ ಹೋಗಲೋ? ಕೂದಲ ಸುಧಾರಸಾಕ ಏನರ ಉಪಾಯ ಹೇಳ್ರಿ.

ಮಾಳಮಡ್ಡಿ ವೈನಿ (ರವಿವಾರ, ರಾತ್ರಿ 10:31)

ಮೊದಲ ಒಂದು ಕೇಳತೇನಿ. ಒಣಾ ಕೂದಲಕ್ಕ ಹಣಿಗಿ ಹಾಕತೀರೇನು?

ನವನಗರದಾಕಿ (ರವಿವಾರ, ರಾತ್ರಿ 10:34)

ಹೌದ್ರೀ. ಹಸಿ ಕೂದಲ ಹಿಕ್ಕಿದ್ರ ಹರಿತಾವು ಅಂತ ನಮ್ಮವ್ವ ಸಣ್ಣಾಕಿ ಇದ್ದಾಗಿಂದ ಹೇಳ್ಯಾಳ.

ಮಾಳಮಡ್ಡಿ ವೈನಿ (ರವಿವಾರ, ರಾತ್ರಿ 10:58)

ನಿಮ್ಮವ್ವ ಹೇಳಿದ್ದು ಖರೇನ, ಆದ್ರ ಅದು ನಿಮ್ಮ ಕೂದಲಕ್ಕ. ನೀರ ಕುಡದ ಕೂದಲ ಮೆತ್ತಗ ಆಗಿ ರಬ್ಬರಿನ್ಹಂಗ ಹಿಗ್ಗತದ. ಇದ್ದ ಉದ್ದಕ್ಕಿಂತ ಸುಮಾರು ಶೇಕಡಾ 30ರ ತನಕ ಹಿಗ್ಗಿ ತಿರಗಿ ಬರತದ, ಅದನ್ನ ದಾಟಿ ಜಗ್ಗಿದ್ರ ಮತ್ತ ಮೊದಲಿನ್ಹಂಗ ಆಗಂಗಿಲ್ಲ. ನೆಟ್ಟನ ಕೂದಲದಾಗ ಮೊದಲ ಸಿಕ್ಕ ಕಡಿಮಿ, ಒಣಗಿದ ಮ್ಯಾಲ ಹಿಕ್ಕಿದ್ರ ನಡೀತದ.

ಗುಂಗುರು ಕೂದಲ ಬ್ಯಾರೆ. ಒಂದ ಎಳಿ ಅಡ್ಡ ಕತ್ತರಿಸಿ ನೋಡಿದ್ರ ಪೂರಾ ದುಂಡಗ ಇರಂಗಿಲ್ಲ, ಚಪ್ಪಟಿ. ಅದು ತಿರುವ್ಯಾಡಿದ ಕಡೆ ಎಲ್ಲಾ ಸೊರಗಿದ ಜಾಗಾ. ನೆತ್ತಿ ಎಣ್ಣಿ ಅಂಶನೂ ಸುರುಳಿ ಇಳಕೋತ ತುದಿಗೆ ಮುಟ್ಟಂಗಿಲ್ಲ. ಒಣಗಿದಾಗ ಒಂದರೊಳಗೊಂದು ಕೊಂಡಿ ಹಾಕ್ಕೊಂಡ ಕುಂತಿರತಾವು. ಅಂಥಾದ್ದಕ್ಕ ಒಣಾ ಹಣಿಗಿ ಹಾಕಿದ್ರ ಹರಿಯೂದ. ಅದನ್ನ ಹಸಿ ಮಾಡಿ, ಮ್ಯಾಲ ಜಾರೂ ಅಂಥಾದ್ದು ಏನರ ಹಚ್ಚಿ, ಆಮ್ಯಾಲ ಬಿಡಸಬೇಕು. ಬರೇ ನೀರ ಹೊಡದು ಹಿಕ್ಕಿದ್ರ ಎರಡೂ ಕಡೆಯಿಂದ ಕೆಟ್ಟಂಗ.

ಹಳೇ ಹುಬ್ಬಳ್ಳಿ ಕಾಕಾ (ರವಿವಾರ, ರಾತ್ರಿ 11:20)

ನಮ್ಮವ್ವಗ ಆರ ಮಂದಿ ಮಕ್ಕಳು, ಮನ್ಯಾಗ ಒಂದ ಹಣಿಗಿ, ವಾರಕ್ಕೊಮ್ಮೆ ಸೀಗಿಕಾಯಿ. ಯಾರ ಕೂದಲಾನೂ ಹರೀಲಿಲ್ಲ. ಈಗ ಪ್ರತಿಯೊಂದಕ್ಕೂ ಒಂದ ಬಾಟ್ಲಿ. ಇದೆಲ್ಲಾ ಮಾರೂ ಮಂದಿ ಹುಟ್ಟಿಸಿದ ರೋಗ.

ಮಾಳಮಡ್ಡಿ ವೈನಿ (ರವಿವಾರ, ರಾತ್ರಿ 11:26)

ಕಾಕಾ, ಹರೀತೋ ಇಲ್ಲೋ ಅನ್ನೂದನ್ನ ನಿಮ್ಮ ಅಕ್ಕ-ತಂಗೇರನ್ನ ಕೇಳಿ ಬಂದು ಬರೀರಿ.

ಬೆಟಗೇರಿ ಮಗ್ಗ (ಸೋಮವಾರ, ಮುಂಜಾನೆ 6:50)

ನಾ ಗಂಡಸ, ಕೂದಲದ ಬಗ್ಗೆ ಅಷ್ಟ ತಿಳಿಯಂಗಿಲ್ಲ. ಆದ್ರ ಸಿಕ್ಕ ಬಿಡಸೂದು ನಮ್ಮ ಮನಿ ಕಸುಬು. ಮೂರು ತಲಿಯಿಂದ ಕೈಮಗ್ಗ. ನೂಲಿನ ಲಡಿ ಸಿಕ್ಕಾದಾಗ ನಮ್ಮ ಅಪ್ಪ ಎಂದೂ ಎಳಿ ಜಗ್ಗತಿದ್ದಿಲ್ಲ. ಜಗ್ಗಿದ್ರ ಗಂಟ ಬಿಗೀತದ, ಅದ ಅದರ ಗುಣ. ಲಡಿ ಮಡಲಾಗ ಇಟಗೊಂಡು, ಎರಡೂ ಕೈ ಬೆರಳ ಗಂಟಿನ ಹೊಟ್ಟ್ಯಾಗ ಹಾಕಿ ಅಗಲ ಮಾಡತಿದ್ದ. ಒಳಗ ಗಾಳಿ ಆಡಾಕ ಹತ್ತಿದ್ರ ಗಂಟು ತಾನ ಹೇಳತದ, ನನ್ನ ತುದಿ ಇಲ್ಲದ ಅಂತ. ತುದಿ ಸಿಕ್ಕಮ್ಯಾಲ ಅದನ್ನ ಹಿಂದಕ್ಕ ದೂಡೂದು, ಮುಂದಕ್ಕ ಎಳಿಯೂದಲ್ಲ.

ಹಾಸಿನ ನೂಲಿಗೆ, ಅಂದ್ರ ಮಗ್ಗದ ಮ್ಯಾಲ ಉದ್ದಕ್ಕ ಕಟ್ಟೂ ಎಳಿಗೆ, ನೇಯೂಕಿಂತ ಮೊದಲ ಗಂಜಿ ಹಾಕತೇವಿ. ಯಾಕಂದ್ರ ಮಗ್ಗದ ಮ್ಯಾಲ ಎಳಿ ಎಳಿಗೆ ತಿಕ್ಕಿ ಜುಂಜಾಗಿ ಹರಿಬಾರದು. ವೈನಿಯವರು ಜಾರೂ ಅಂಥಾದ್ದು ಹಚ್ಚ್ರಿ ಅಂದದ್ದು ಓದಿದ ಕೂಡ್ಲೆ ನನಗ ಇದು ನೆನಪಾತು.

ಹಳಿಯಾಳದ ಹುಡುಗಿ (ಸೋಮವಾರ, ಮಧ್ಯಾಹ್ನ 1:15)

ನಾನು ಧಾರವಾಡದಲ್ಲಿ ಎಂ.ಎ. ಓದ್ತಾ ಇದ್ದೀನಿ, ಊರು ಹಳಿಯಾಳದ ಕಡೆ ಹಳ್ಳಿ. ನಾವು ಸಿದ್ದಿ ಜನ. ಗೊತ್ತಿಲ್ಲದವರಿಗೆ ಹೇಳ್ತೀನಿ, ನೂರಾರು ವರ್ಷದ ಹಿಂದೆ ಆಫ್ರಿಕಾದಿಂದ ಬಂದವರು, ಹೆಚ್ಚಿನವರನ್ನ ಗೋವಾದ ಪೋರ್ಚುಗೀಸರು ಗುಲಾಮರಾಗಿ ತಂದದ್ದು. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಈ ಕಡೆ ಕಲಘಟಗಿಯಲ್ಲೂ ಇದ್ದೀವಿ. ಆದ್ದರಿಂದ ಈ ವಿಷಯದಲ್ಲಿ ನನ್ನ ತಲೆಯೇ ನನ್ನ ಪಾಠಶಾಲೆ.

ಅಕ್ಕಾ, ಮೊದಲು ಒಂದು ಮಾತು, ಸಿಟ್ಟಾಗಬೇಡಿ. "ಕೂದಲ ಸುಧಾರಸಾಕ" ಅಂತ ಬರೆದಿದ್ದೀರಿ. ಮಗಳ ಕೂದಲಿಗೆ ಜಡ್ಡೇನೂ ಆಗಿಲ್ಲ. ನನಗೂ ಶಾಲೆಯಲ್ಲಿ ಹಿಂಗೇ ಹೇಳ್ತಿದ್ರು. ಬೆಂಚಿನ ಹಿಂದೆ ಕೂತವರು ಪೆನ್ನು ಸಿಗಿಸಿ, ಬೀಳತ್ತೋ ಇಲ್ಲೋ ನೋಡ್ತಿದ್ರು. ಮಗಳ ಮುಂದೆ ಆ ಮಾತು ಬರದಂಗೆ ನೋಡಿಕೊಳ್ಳಿ.

ಈಗ ನಾನು ಮಾಡೋದು. ಸಿಕ್ಕು ಬಿಡಿಸೋದು ವಾರಕ್ಕೆ ಒಂದೇ ಸಲ, ಭಾನುವಾರ. ಉಳಿದ ದಿನ ಹಣಿಗೆ ಮುಟ್ಟೋದೇ ಇಲ್ಲ. ತಲೆ ಎರಕೊಂಡ ಮೇಲೆ ನೀರು ತೊಟ್ಟಿಕ್ಕೋದು ನಿಂತಾಗ ಎಂಟು ಭಾಗ ಮಾಡಿ ಏಳನ್ನ ಕ್ಲಿಪ್ ಹಾಕಿ ಕಟ್ಟಿಬಿಡ್ತೀನಿ. ಕೈಯಲ್ಲಿರೋ ಒಂದಕ್ಕೆ ಕಂಡಿಷನರ್. ಮೇಲೆ ಸವರಿದರೆ ಸಾಲದು, ಎರಡು ಅಂಗೈ ನಡುವೆ ಇಟ್ಟು ಬೇರಿನ ಕಡೆಯಿಂದ ತುದಿಗೆ ಒತ್ತಿ ಒತ್ತಿ ತರಬೇಕು. ಶೇಂಗಾ ಸಿಪ್ಪೆ ಮುಟ್ಟಿದಂಗೆ ಇದ್ದದ್ದು ಲೋಳೆಸರದ ಹಂಗೆ ಆಗತ್ತೆ, ಆವಾಗ ಬೆರಳು ಹಾಕೋದು.

ಎಡಗೈಯಲ್ಲಿ ಆ ಭಾಗವನ್ನ ಬೇರಿನ ಹತ್ರ ಬಿಗಿಯಾಗಿ ಹಿಡ್ಕೊಳ್ಳಿ. ಅರ್ಧ ಅಳು ಇದರಿಂದಲೇ ನಿಲ್ಲತ್ತೆ, ಯಾಕಂದ್ರೆ ಎಷ್ಟು ಜಗ್ಗಿದ್ರೂ ಅದು ನಿಮ್ಮ ಮುಷ್ಟಿಗೆ ಬರತ್ತೆ, ನೆತ್ತಿಗೆ ಹೋಗಲ್ಲ. ಬಲಗೈ ಬೆರಳಿಂದ ಕೊನೆಯ ಎರಡು ಇಂಚು ಮಾತ್ರ ಬಿಡಿಸಿ. ಅದು ಸಲೀಸಾದ ಮೇಲೆ ಎರಡು ಬೆರಳಗಲ ಮೇಲೆ ಬನ್ನಿ. ಮತ್ತೆ ಎರಡು ಬೆರಳಗಲ. ಬೇರು ಮುಟ್ಟೋ ಹೊತ್ತಿಗೆ ಕೆಳಗಿನ ಹಾದಿ ಎಲ್ಲಾ ಖಾಲಿ ಇರತ್ತೆ. ನೆತ್ತಿಯಿಂದ ಶುರು ಮಾಡಿದ್ರೆ ಮೇಲಿನ ಸಿಕ್ಕೆಲ್ಲಾ ಕೆಳಗಿನ ಸಿಕ್ಕಿನ ಮೇಲೆ ಬಂದು ಕೂರತ್ತೆ, ಸಂತೆ ದಿನ ಬಸ್‌ಸ್ಟ್ಯಾಂಡ್ ಬಾಗಿಲಲ್ಲಿ ಎಲ್ಲರೂ ಒಟ್ಟಿಗೆ ನುಗ್ಗಿದಂಗೆ.

ಬೆರಳಾದ ಮೇಲೆ ಅಗಲ ಹಲ್ಲಿನ ಹಣಿಗೆ. ಚರ್ ಅಂತ ಸದ್ದು ಬಂತಾ, ನಿಲ್ಲಿಸಿ. ಅದು ಕೂದಲು ಹರಿಯೋ ಸದ್ದು, ಬಿಡಿಸಿಕೊಳ್ಳೋ ಸದ್ದಲ್ಲ. ಬಿಡಿಸಿದ ಭಾಗವನ್ನ ಹಂಗೇ ಬಿಡಬೇಡಿ, ಎರಡೆಳೆ ಹೊಸೆದು ಕಟ್ಟಿ ಮುಂದಿನದಕ್ಕೆ ಹೋಗಿ. ಇಲ್ಲಾಂದ್ರೆ ಎಂಟನೇದು ಮುಗಿಯೋದ್ರಲ್ಲಿ ಮೊದಲನೇದು ಮತ್ತೆ ಸಿಕ್ಕಾಗಿರತ್ತೆ. ನನಗೆ ಒಂದೂವರೆ ತಾಸು ಬೇಕು, ನನ್ನದು ಬಹಳ ಬಿಗಿ ಸುರುಳಿ. ನಿಮ್ಮ ಮಗಳದ್ದು ಪೆನ್ಸಿಲ್ ಗಾತ್ರ ಅಂದ್ರೆ ಅರ್ಧ ತಾಸು ಸಾಕಾಗಬಹುದು.

ನವನಗರದಾಕಿ (ಸೋಮವಾರ, ಮಧ್ಯಾಹ್ನ 2:40)

ಸಿಟ್ಟ ಇಲ್ಲ ತಂಗಿ, ನಾಚಿಕಿ ಆತು. ಮೊನ್ನೆ ಆಕಿನ ಎದುರಿಗೇ "ಎಂಥಾ ಕೂದಲ ಹೊತ್ತ ಬಂದಿ" ಅಂದೇನಿ.

ವಾರಕ್ಕೊಮ್ಮೆ ಅಂದ್ರ ಸಾಲಿ ಹೆರಳಿಗೆ ಏನ ಮಾಡಲಿ?

ಹಳಿಯಾಳದ ಹುಡುಗಿ (ಸೋಮವಾರ, ಸಂಜೆ 5:05)

ಭಾನುವಾರ ಬಿಡಿಸಿದಾಗಲೇ ಹೆರಳು ಹಾಕಿಬಿಡಿ, ಎರಡಲ್ಲ ನಾಲ್ಕು. ಮೇಲಿನೆರಡನ್ನ ಕೆಳಗಿನೆರಡರ ಜೊತೆ ಸೇರಿಸಿ ರಿಬ್ಬನ್ ಕಟ್ಟಿದ್ರೆ ಟೀಚರ್‌ಗೆ ಎರಡೇ ಕಾಣ್ತವೆ. ಬುಧವಾರ ಹೊತ್ತಿಗೆ ಹಣೆ ಹತ್ರ ಪುಸಪುಸ ಅನಿಸಿದ್ರೆ ಅಂಗೈಗೆ ನೀರು, ಒಂದು ಹನಿ ಎಣ್ಣೆ ಹಚ್ಚಿ ಸವರಿ. ಬಿಚ್ಚಬೇಡಿ.

ಚರ್ಮದ ವಾರ್ಡು (ಸೋಮವಾರ, ರಾತ್ರಿ 9:10)

ನಾನು ನರ್ಸ್, ಚರ್ಮರೋಗ ವಿಭಾಗದಲ್ಲಿ ಕೆಲಸ. ನಾಲ್ಕು ಹೆರಳು ಸರಿ, ಆದರೆ ಬಿಗಿ ಬೇಡ. ಹಣೆಯ ಅಂಚಲ್ಲಿ, ಕಿವಿ ಮೇಲೆ ಚರ್ಮ ಜಗ್ಗಿ ಸಣ್ಣ ಗುಳ್ಳೆ ಬಂದರೆ, ಹೆಣ್ಣುಮಗು ತಲೆ ನೋಯುತ್ತದೆ ಅಂದರೆ ಸಡಿಲ ಮಾಡಿ. ವರ್ಷಗಟ್ಟಲೆ ಬಿಗಿ ಕಟ್ಟಿದವರಿಗೆ ಅಂಚಿನ ಕೂದಲು ಉದುರಿ ಮತ್ತೆ ಬರದೇ ಹೋಗಿದ್ದನ್ನು ನೋಡಿದ್ದೇನೆ.

ಇನ್ನೊಂದು. ವಾರಕ್ಕೊಮ್ಮೆ ಬಿಡಿಸಿದಾಗ ಕೈತುಂಬ ಕೂದಲು ಬರುತ್ತದೆ, ಹೆದರಬೇಡಿ. ಯಾರಿಗಾದರೂ ದಿನಕ್ಕೆ 50ರಿಂದ 100 ಕೂದಲು ತಾನಾಗಿ ಉದುರುತ್ತವೆ. ಗುಂಗುರು ಕೂದಲಲ್ಲಿ ಅವು ಕೆಳಗೆ ಬೀಳದೆ ಸುರುಳಿಯೊಳಗೇ ಕೂತಿರುತ್ತವೆ, ಅವೇ ಸಿಕ್ಕಿಗೆ ಬೀಜ. ಬಂದ ಕೂದಲನ್ನು ಬಿಳಿ ಹಾಳೆ ಮೇಲಿಟ್ಟು ನೋಡಿ. ಒಂದು ತುದಿಯಲ್ಲಿ ಸಣ್ಣ ಬಿಳಿ ಬುಡ ಇದ್ದರೆ ಅದು ಉದುರಿದ್ದು. ಬುಡವೇ ಇಲ್ಲದ ಗಿಡ್ಡ ತುಂಡಾದರೆ ಹರಿದದ್ದು. ನೀವು ನೆಲದ ಮೇಲೆ ನೋಡಿದ್ದು ಎರಡನೆಯದು.

ರೋಣದ ಬೋರ್‌ವೆಲ್ (ಸೋಮವಾರ, ರಾತ್ರಿ 9:45)

ನೀರಿನ ಮಾತ ಯಾರೂ ತಗೀಲಿಲ್ಲ. ನಮ್ಮ ಕಡೆ ಬೋರಿನ ನೀರ ಎಷ್ಟ ಗಡಸು ಅಂದ್ರ ಬಕೀಟ ಅಂಚಿಗೆ ಬೆಳ್ಳನ ಪದರ ಕೂಡತದ. ಅದ ಪದರ ಕೂದಲದ ಮ್ಯಾಲೂ ಕೂಡತದ. ಅದರಾಗ ಮೈಗೆ ಹಚ್ಚೂ ಸಾಬಾನ ತಲಿಗೆ ಹಚ್ಚಿದ್ರಂತೂ ಮುಗೀತು. ಸಾಬಾನ ಕ್ಷಾರ, ಕೂದಲದ ಮೇಲಿನ ಹುರುಪಿ ಎದ್ದ ನಿಂದ್ರತಾವು, ಗಡಸ ನೀರಿನ ಜೋಡಿ ಕೂಡಿ ಜಿಗಟ ಆಗತದ. ತಲಿ ತೊಳದಮ್ಯಾಲ ಕೂದಲ ಕೀ ಕೀ ಅಂದ್ರ ಸ್ವಚ್ಛ ಆತು ಅಂತ ನಾವೆಲ್ಲಾ ತಿಳದಿದ್ವಿ, ಅದು ಕೂದಲ ಒರಟಾದ ಸಪ್ಪಳ.

ನಾ ಮಾಡೂದು ಇಷ್ಟ. ಕೊನೀ ಚರಿಗಿ ನೀರಿಗೆ ಅರ್ಧ ಲಿಂಬಿಹಣ್ಣ ಹಿಂಡಿ, ಸೋಸಿ ಹಾಕ್ಕೊಂಡು, ಮ್ಯಾಲ ಒಂದ ತಂಬಗಿ ಕುಡಿಯೂ ನೀರ. ಹುಬ್ಬಳ್ಳಿ-ಧಾರವಾಡದಾಗ ನಿಮಗ ಮಲಪ್ರಭಾ ನೀರ ಬಂದ ದಿನಾ ತಲಿ ಎರಕೊಳ್ರಿ, ಬೋರಿನ ದಿನಾ ಬ್ಯಾಡ.

ಮಾಳಮಡ್ಡಿ ವೈನಿ (ಸೋಮವಾರ, ರಾತ್ರಿ 9:52)

ನಳಾ ಬರೂ ದಿನಾ ತಲಿ ಎರಕೊಬೇಕೋ, ಡ್ರಮ್ ತುಂಬಬೇಕೋ, ಅದನ್ನೂ ಹೇಳಿಬಿಡ್ರಿ.

ಹಳೇ ಹುಬ್ಬಳ್ಳಿ ಕಾಕಾ (ಮಂಗಳವಾರ, ಮುಂಜಾನೆ 7:30)

ಸಾಬಾನ ಕ್ಷಾರ ಅಂದ್ರಿ. ಹಂಗಾದ್ರ ಸೀಗಿಕಾಯಿ ಹುಳಿ ಗುಣದ್ದು, ನಾ ಹೇಳಿದ್ದ ಖರೆ ಆತಿಲ್ಲೋ?

ಕತ್ತರಿ ಕೈ (ಮಂಗಳವಾರ, ಮಧ್ಯಾಹ್ನ 3:20)

ಅರ್ಧ ಖರೆ ಕಾಕಾ. ನಾ ಪಾರ್ಲರ್‌ನ್ಯಾಗ ಹನ್ನೊಂದ ವರ್ಷ ಕೆಲಸಾ ಮಾಡೇನಿ. ಸೀಗಿಕಾಯಿ ಛಲೋನ, ಆದ್ರ ಪುಡಿ ಕಲಸಿ ಗುಂಗುರು ಕೂದಲಕ್ಕ ತಿಕ್ಕಿದ್ರ ಆ ಹಿಟ್ಟ ಸುರುಳಿ ಒಳಗ ಕುಂತು, ಒಣಗಿದಮ್ಯಾಲ ಉಸುಕಿನ್ಹಂಗ ಕೊರೀತದ. ಕಾಯಿ ರಾತ್ರಿ ನೆನೆ ಇಟ್ಟು, ಕುದಿಸಿ, ಅರಿವ್ಯಾಗ ಸೋಸಿದ ನೀರಷ್ಟ ಹಚ್ಚಬೇಕು. ತಿಕ್ಕೂದು ನೆತ್ತಿ ಮಾತ್ರ, ಉದ್ದಕ್ಕ ತಾನ ಇಳಕೋತ ಹೋಗತದ. ತಲಿ ಮ್ಯಾಲ ಎಲ್ಲಾ ಕೂದಲ ಗುಡ್ಡೆ ಹಾಕಿ ಅರಿವಿ ಒಗದಂಗ ತಿಕ್ಕೂದ ಸಿಕ್ಕಿನ ಮೂಲ.

ಹಣಿಗಿ ಕೊಳ್ಳೂವಾಗ ಹಲ್ಲಿನ ಸಂದ್ಯಾಗ ಉಗುರ ಆಡಿಸಿ ನೋಡ್ರಿ. ಅಗ್ಗದ ಪ್ಲಾಸ್ಟಿಕ್‌ದಾಗ ಅಚ್ಚಿನ ಗೆರಿ ಉಳದಿರತದ, ಅದು ಸಣ್ಣ ಬ್ಲೇಡ್ ಇದ್ದಂಗ. ಹುಬ್ಬಳ್ಳಿ ದುರ್ಗದಬೈಲಿನ್ಯಾಗ ಕಟ್ಟಿಗಿ ಹಣಿಗಿ ಸಿಗತಾವು, ಅದರಾಗೂ ಸೀಳಿದ್ದು ಇರತಾವು, ಕೈಯ್ಯಾಗ ತೊಗೊಂಡ ನೋಡಿ ತರ್ರಿ.

ಆಮ್ಯಾಲ ನೆಟ್ಟಗ ಮಾಡಸೂದು. ಒಂಬತ್ತ ವರ್ಷದ ಕೂಸಿಗೆ ಬ್ಯಾಡ ಅಂದ್ರ ಬ್ಯಾಡ. ಅದರಾಗ ಕೆಲವೊಂದು ಕ್ರೀಮ್ ಕಾಸಿದ ಕೂಡ್ಲೆ ಫಾರ್ಮಾಲ್ಡಿಹೈಡ್ ಹೊಗಿ ಬಿಡತಾವು, ಹಚ್ಚೂ ನಮಗ ಕಣ್ಣ ಉರೀತಾವು. ನಾ ಮೊದಲ ಕೆಲಸಾ ಮಾಡತಿದ್ದ ಕಡೆ ನನ್ನ ತಲಿ ಮ್ಯಾಲೇ ಕಲತರು. ಆರ ತಿಂಗಳ ಆದಮ್ಯಾಲ ಬೇರಿನ ಕಡೆ ಗುಂಗುರು, ತುದಿ ಕಡೆ ಕಸಬರಿಗಿ. ಎರಡೂ ಕೂಡೂ ಜಾಗದಾಗ ಪಟ್ ಅಂತ ಹರದು ಹೋದ್ವು. ತಿಂಗಳಿಗೆ ಒಂದ ಸೆಂಟಿಮೀಟರ್ ಬೆಳೆಯೂ ಕೂದಲ, ಲೆಕ್ಕಾ ಹಾಕ್ರಿ ಎಷ್ಟ ವರ್ಷ ಕಾದೇನಿ ಅಂತ.

ನವನಗರದಾಕಿ (ಮಂಗಳವಾರ, ಸಂಜೆ 6:15)

ಎಣ್ಣಿ? ಅತ್ತಿಯವರು ಔಡಲ ಎಣ್ಣಿ ಹಚ್ಚಿದ್ರ ಎಂಥಾ ಸಿಕ್ಕ ಇದ್ರೂ ಬಿಡತದ ಅಂತಾರ.

ಚರ್ಮದ ವಾರ್ಡು (ಮಂಗಳವಾರ, ರಾತ್ರಿ 8:40)

ಔಡಲ ಎಣ್ಣೆ ಒಂದನ್ನೇ ಬೇಡ. ಅಂಟು ಜಾಸ್ತಿ, ಸಿಕ್ಕಾದ ಉದ್ದ ಕೂದಲಿಗೆ ಹಚ್ಚಿ ತೊಳೆದರೆ ಕಂಬಳಿಯಂತೆ ಒತ್ತಿಕೊಂಡು ಬಿಡುವುದುಂಟು. ಕೊಬ್ಬರಿ ಎಣ್ಣೆ ಹಚ್ಚಿ, ಅದೂ ತೊಳೆಯುವ ಮೊದಲು, ಹಿಂದಿನ ರಾತ್ರಿ. ಕೊಬ್ಬರಿ ಎಣ್ಣೆ ಕೂದಲ ಒಳಗೆ ಇಳಿದು, ತೊಳೆಯುವಾಗ ಪ್ರೋಟೀನ್ ಕಳೆದುಹೋಗುವುದನ್ನು ಕಡಿಮೆ ಮಾಡುತ್ತದೆ. ಸೂರ್ಯಕಾಂತಿ ಎಣ್ಣೆ, ಖನಿಜ ಎಣ್ಣೆ ಹಾಗೆ ಮಾಡಲಿಲ್ಲ ಎಂದು 2003ರಲ್ಲಿ ಪ್ರಕಟವಾದ ಪ್ರಯೋಗ ಇದೆ. ಮಾಡಿದವರು ಕೊಬ್ಬರಿ ಎಣ್ಣೆ ಮಾರುವ ಕಂಪನಿಯವರೇ, ಅದನ್ನೂ ನೆನಪಿಡಿ ಕಾಕಾ.

ಮುನವಳ್ಳಿ ತವರು (ಮಂಗಳವಾರ, ರಾತ್ರಿ 11:30)

ಎಲ್ಲಾರೂ ಹಣಿಗಿ, ಎಣ್ಣಿ ಬಗ್ಗೆ ಬರದ್ರಿ. ಆ ಅಜ್ಜಿ ಮಾತಿಗೆ ಯಾರೂ ಉತ್ತರ ಕೊಡಲಿಲ್ಲ. ನಾ ಸವದತ್ತಿ ತಾಲೂಕಿನಾಕಿ, ಎಲ್ಲವ್ವನ ಗುಡ್ಡದ ಬುಡದಾಗ ಬೆಳದಾಕಿ, ನಾನ ಕೊಡತೇನಿ.

ನಮ್ಮ ಚಿಗವ್ವಗ ಹದಿನಾಲ್ಕ ವರ್ಷ ಇದ್ದಾಗ ವಿಷಮಶೀತ ಜ್ವರ ಬಂದು ಒಂದ ತಿಂಗಳ ಹಾಸಿಗಿ ಹಿಡದಿದ್ಳು. ದಟ್ಟನ ಗುಂಗುರು ಕೂದಲ. ಹಿಕ್ಕಾಕ ಯಾರಿಗೆ ಪುರಸೊತ್ತು? ಎದ್ದ ಕುಂತಾಗ ಹಿಂದಿನ ಕೂದಲೆಲ್ಲಾ ಒಂದ ಗಟ್ಟಿ ಕಂಬಳಿ ತುಂಡ ಆಗಿತ್ತು. ಊರಾಗ ಸುದ್ದಿ ಆತು, ಜಡಿ ಬಂತು, ಎಲ್ಲವ್ವ ಕರದಾಳ. ಇಬ್ಬರು ಬಂದು ಅರಿಷಿಣ-ಕುಂಕುಮ ಹಚ್ಚಿ ಕಾಲ ಬಿದ್ದ ಹೋದ್ರು. ಮುಂದ ಏನ ಆಗತಿತ್ತು ಅನ್ನೂದು ಈ ಕಡೆ ಮಂದಿಗೆ ಹೇಳೂದ ಬ್ಯಾಡ. ಹಂಗ ಜಡಿ ನೆಪಾ ಮಾಡಿ ಎಷ್ಟೋ ಹೆಣ್ಣಮಕ್ಕಳಿಗೆ ಮುತ್ತ ಕಟ್ಟಿ ದೇವದಾಸಿ ಬಿಟ್ಟಾರ. ದೇವದಾಸಿ ಬಿಡೂದನ್ನ ನಿಷೇಧ ಮಾಡಿದ ಕಾಯ್ದೆ ಮಾಡಿದ್ದು 1982ರಾಗ, ನಮ್ಮ ಚಿಗವ್ವನ ಮಾತು ಅದಕ್ಕಿಂತ ಮೊದಲಿಂದು.

ನಮ್ಮ ಆಯಿ, ಹುಣ್ಣಿವಿ ತಪ್ಪದ ಗುಡ್ಡಾ ಹತ್ತಾಕಿ, ಬಾಗಲಾ ಹಾಕ್ಕೊಂಡ್ಳು. ಒಂದ ವಾಟಿ ಕೊಬ್ರಿ ಎಣ್ಣಿ, ಒಂದ ದಬ್ಬಣ ತೊಗೊಂಡು ಮಗಳನ್ನ ಮುಂದ ಕುಂಡರಿಸಿಕೊಂಡ್ಳು. ದಬ್ಬಣದ ಮೊಂಡ ಕಡೆಯಿಂದ ಅಂಚಿನ ನಾಕ ಕೂದಲ ಎಬ್ಬಸೂದು, ಎಣ್ಣಿ ಬಿಡೂದು, ಮತ್ತ ನಾಕ ಎಬ್ಬಸೂದು. ನಾಕ ದಿನಾ ಹಿಡೀತಂತ. ಮುಕ್ಕಾಲ ಬಿಟ್ಟಿತು. ನಡು ಗಟ್ಟಿ ಬಿಡಲೇ ಇಲ್ಲ, ಕತ್ತರಿಯಿಂದ ತಗದು ಹೊಲದ ಬದುವಿಗೆ ಹುಗದು ಬಂದ್ಳು. "ಅವ್ವ ನನ್ನ ಮಗಳ ತಲಿ ಹಿಕ್ಕೂದನ್ನ ಬ್ಯಾಡ ಅಂದಾಳೇನು?" ಅಂತ ಊರಿನವರಿಗೆ ಕೇಳಿದ್ಳಂತ.

ಚಿಗವ್ವಗ ಈಗ ಅರವತ್ತ ದಾಟ್ಯಾವ, ಮೂರ ಮೊಮ್ಮಕ್ಕಳು. ನಿಮ್ಮ ಮಗಳದ್ದು ಅಡಕಿಯಷ್ಟ ಗಂಟ ಅಷ್ಟ.

ನವನಗರದಾಕಿ (ಬುಧವಾರ, ಮುಂಜಾನೆ 5:50)

ಇದನ್ನ ಅತ್ತಿಯವರಿಗೆ ಓದಿ ಹೇಳಿದೆ. ಏನೂ ಅನಲಿಲ್ಲ. ಸ್ವಲ್ಪ ಹೊತ್ತಾದಮ್ಯಾಲ ಒಳಗಿಂದ ಕೊಬ್ರಿ ಎಣ್ಣಿ ಬಾಟ್ಲಿ ತಂದು ನನ್ನ ಮುಂದ ಇಟ್ಟ ಹೋದ್ರು.

ಕತ್ತರಿ ಕೈ (ಬುಧವಾರ, ಮಧ್ಯಾಹ್ನ 12:05)

ಬಿಡಸಿದ ಮ್ಯಾಲ ಮತ್ತ ಸಿಕ್ಕ ಆಗಬಾರದು ಅಂದ್ರ ಅಗಸಿ ಲೋಳಿ ಹಚ್ಚ್ರಿ, ಬಾಟ್ಲಿ ಜೆಲ್‌ಗಿಂತ ಛಲೋ. ಕಾಲ ವಾಟಿ ಅಗಸಿ, ಎರಡ ವಾಟಿ ನೀರ, ಏಳೆಂಟ ನಿಮಿಷ ಕುದಸ್ರಿ. ತತ್ತಿ ಬೆಳ್ಳನ ಭಾಗ ಇರತದಲ್ಲ, ಹಂಗ ಎಳಿ ಎಳಿ ಆದಾಗ ಇಳಿಸಿ ಬಿಸಿ ಇದ್ದಾಗ ತೆಳ್ಳನ ಅರಿವ್ಯಾಗ ಸೋಸ್ರಿ. ಆರಿದ್ರ ಅದು ನಿಮ್ಮ ಮಾತ ಕೇಳಂಗಿಲ್ಲ. ಫ್ರಿಜ್ಜಿನ್ಯಾಗ ಒಂದ ವಾರ ಇರತದ.

ರೋಣದ ಬೋರ್‌ವೆಲ್ (ಬುಧವಾರ, ಮಧ್ಯಾಹ್ನ 1:40)

ಹುರಿಬ್ಯಾಡ್ರಿ ಅಂತನೂ ಬರೀರಿ. ನನ್ನ ಮನಿಯಾಕಿ ಅಭ್ಯಾಸಬಲದಿಂದ ಹಿಂಡಿಗೆ ಹುರದಂಗ ಹುರದು ಕುದಸಿದ್ಳು. ಮನಿ ಎಲ್ಲಾ ಘಮಘಮ, ಲೋಳಿ ಮಾತ್ರ ಬರಲಿಲ್ಲ. ಕಡೀಕ ಬಳ್ಳೊಳ್ಳಿ-ಖಾರ ಹಾಕಿ ತಿರುವಿ ರೊಟ್ಟಿ ಜೋಡಿ ತಿಂದ್ವಿ.

ಹಳಿಯಾಳದ ಹುಡುಗಿ (ಬುಧವಾರ, ಸಂಜೆ 7:20)

ರಾತ್ರಿ ದಿಂಬು ಮರೀಬೇಡಿ. ಹತ್ತಿ ದಿಂಬಿನ ಚೀಲಕ್ಕೆ ಕೂದಲು ಉಜ್ಜಿ ಕುತ್ತಿಗೆ ಹತ್ರಾನೇ ಗಂಟು ಬೀಳೋದು. ನನ್ನ ರೂಮ್‌ಮೇಟ್ ಅಜ್ಜಿಯ ಹಳೇ ಇಳಕಲ್ ಸೀರೆ ಒಡಲು ಜೀರ್ಣ ಆಗಿತ್ತು, ಸೆರಗು ರೇಷ್ಮೆ, ಗಟ್ಟಿ ಇತ್ತು. ಅದನ್ನ ಕತ್ತರಿಸಿ ಇಬ್ಬರೂ ಒಂದೊಂದು ದಿಂಬಿನ ಚೀಲ ಹೊಲಿಸಿಕೊಂಡ್ವಿ. ಒರೆಸೋದಕ್ಕೂ ಟಾವೆಲ್ ಬೇಡ, ಹಳೇ ಧೋತರದ ತುಂಡಲ್ಲಿ ಹಿಂಡಿ, ಉಜ್ಜಬೇಡಿ.

ಬೆಟಗೇರಿ ಮಗ್ಗ (ಬುಧವಾರ, ರಾತ್ರಿ 8:00)

ಇಳಕಲ್ ಸೆರಗಿಗೆ ಕತ್ತರಿ ಹಾಕಿದ್ದು ಓದಿ ಎದಿ ಝಲ್ ಅಂತು. ಒಡಲಿನ ಹಾಸು, ಸೆರಗಿನ ಹಾಸು ಒಂದೊಂದ ಎಳಿ ಕೊಂಡಿ ಹಾಕಿ ಜೋಡಿಸಿರತಾರ, ತೋಪು ತೆನಿ ಅಂತಾರ ಅದಕ್ಕ. ಹೋಗ್ಲಿ, ಸುರುಳಿಗೆ ಬಳಕಿ ಆತಲ್ಲ.

ನವನಗರದಾಕಿ (ಎರಡು ವಾರದ ನಂತರ, ರವಿವಾರ, ಮಧ್ಯಾಹ್ನ 12:50)

ಹೇಳೂದಿತ್ತು. ಮೊದಲನೇ ರವಿವಾರ ಎರಡ ತಾಸ ಹಿಡೀತು, ಇಬ್ಬರಿಗೂ ಸೊಂಟ ನೂತು. ಇವತ್ತ ಐವತ್ತ ನಿಮಿಷ. ಮುಷ್ಟಿ ಹಿಡಿಯೂ ಉಪಾಯ ಭಾಳ ದೊಡ್ಡದು ತಂಗಿ, ಮೊದಲನೇ ಭಾಗ ಮುಗಿಸಿದಾಗ ಆಕಿ "ಸುರು ಮಾಡಿದೇನವ್ವಾ?" ಅಂತ ಕೇಳಿದ್ಳು. ತುದಿಯ ಎರಡ ಇಂಚ ಆಕಿನ ಬಿಡಿಸಿಕೊಳ್ಳತಾಳ, ಟಿವಿ ನೋಡಕೋತ.

ಬಿಳಿ ಹಾಳಿ ಮ್ಯಾಲ ಇಟ್ಟ ನೋಡಿದೆ. ಬುಡ ಇದ್ದದ್ದ ಜಾಸ್ತಿ, ತುಂಡ ಎಣಿಸಿದ್ರ ಹದಿನೇಳು. ಮೊದಲ ಎಣಿಸಾಕ ಆಗತಿದ್ದಿಲ್ಲ.

ಆ ಗಂಟ ಪೂರಾ ಬಿಡಲಿಲ್ಲ. ಅಡಕಿ ಇದ್ದದ್ದು ಮೆಣಸಿನಕಾಳಷ್ಟ ಆತು. ಅತ್ತಿಯವರ ಕೈಯ್ಯಾಗ ಕತ್ತರಿ ಕೊಟ್ಟೆ. ಕನ್ನಡಕ ಹಾಕ್ಕೊಂಡು, ಎರಡ ಸಲ ಉಸರ ಬಿಟ್ಟು, ಕಟ್ ಅಂತ ತಗದ್ರು. ಬಾಜೂ ಅಜ್ಜಿಗೆ ಇನ್ನೂ ಹೇಳಿಲ್ಲ.

ಈಗ ಹೊಸಾ ತಕರಾರ. ಸಾಲ್ಯಾಗಿಂದ ಚೀಟಿ ಬಂದದ, "ಹೆರಳು ಎರಡೇ ಇರಬೇಕು". ರಿಬ್ಬನ್ ಒಳಗಿಂದ ನಾಕ ಕಂಡಾವು ಅಂತ.

ಹಳೇ ಹುಬ್ಬಳ್ಳಿ ಕಾಕಾ (ರವಿವಾರ, ಮಧ್ಯಾಹ್ನ 1:30)

ಚೀಟಿ ಹಿಂದ ಬರದ ಕಳಸ್ರಿ: ಕೂಡಿಸಿ ನೋಡಿದ್ರ ಎರಡ ಅದಾವು ಅಂತ. ನಮ್ಮಕ್ಕಗ ಫೋನ್ ಮಾಡಿದ್ದೆ ವೈನಿ. ಹರೀತಿದ್ವಂತ.